ಹೋದವರ ಫೋನು, ಮೇಲ್, ಚಾಟ್: ತೆರೆಯುವ ಹಕ್ಕು ಯಾರಿಗೆ?

ನೀಲಿಶಾಯಿ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಕಷ್ಟದ ವಿಷಯ, ನಿಮ್ಮ ಅಭಿಪ್ರಾಯ ಬೇಕು. ನನ್ನ ಗೆಳತಿಯೊಬ್ಬಳು ಇತ್ತೀಚೆಗೆ ತೀರಿಕೊಂಡಳು. ಕಾಯಿಲೆ ಇತ್ತು. ಆದರೆ ಇಷ್ಟು ಬೇಗ ಹೋಗುತ್ತಾಳೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಅವಳ ಲ್ಯಾಪ್‌ಟಾಪ್, ಫೋನು ಎರಡನ್ನೂ ಅವಳ ಅಪ್ಪ ಅಮ್ಮ ನನ್ನ ಕೈಗೆ ಕೊಟ್ಟಿದ್ದಾರೆ. "ನಿನಗೆ ಇದೆಲ್ಲ ಗೊತ್ತಲ್ಲಮ್ಮ, ಇದರಲ್ಲಿ ಇರೋದೆಲ್ಲ ತೆಗೆದುಕೊಡು" ಎಂದರು.

ಲ್ಯಾಪ್‌ಟಾಪ್ ಪಾಸ್‌ವರ್ಡ್ ಅವರಿಗೇ ಗೊತ್ತಿತ್ತು. ಒಳಗೆ ಹೋದರೆ ಮೇಲ್ ತೆರೆದೇ ಇದೆ, ಚಾಟ್‌ಗಳೂ ತೆರೆದೇ ಇವೆ. ಫೋಟೊಗಳನ್ನು ಕಾಪಿ ಮಾಡಿ ಕೊಟ್ಟು ಅಲ್ಲಿಗೆ ನಿಲ್ಲಿಸಿದೆ. ಅವಳ ಅಮ್ಮನಿಗೆ ಅಷ್ಟು ಸಾಲುತ್ತಿಲ್ಲ. ಮಗಳು ಕೊನೆಯ ತಿಂಗಳುಗಳಲ್ಲಿ ಯಾರ ಹತ್ತಿರ ಏನು ಹೇಳಿಕೊಂಡಳು ಎಂದು ಅವರಿಗೆ ತಿಳಿಯಬೇಕು.

ಆ ಸಂಕಟ ನನಗೆ ಅರ್ಥವಾಗುತ್ತದೆ. ಗೆಳತಿಯ ಸ್ವಭಾವವೂ ಗೊತ್ತು. ಬದುಕಿದ್ದಾಗ ಅವಳು ಫೋನನ್ನು ಯಾರ ಕೈಗೂ ಕೊಟ್ಟವಳಲ್ಲ. ಈ ಬಗ್ಗೆ ಏನೂ ಬರೆದಿಟ್ಟಿಲ್ಲ. ಹಾಗಾದರೆ ಸತ್ತ ಮೇಲೆ ಅವಳ ಖಾಸಗಿತನಕ್ಕೆ ಬೆಲೆ ಇದೆಯಾ? ಕಾನೂನು ಏನು ಹೇಳುತ್ತದೆ? ಕಾನೂನು ಬಿಡಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ತೆರೆದಬಾಗಿಲು:
ನೇರವಾಗಿ ಹೇಳುತ್ತೇನೆ. ಕೊಟ್ಟುಬಿಡಿ. ಮಗಳನ್ನು ಕಳೆದುಕೊಂಡವರು ಅವರು. ನಾವು ನೀವು ಮಧ್ಯೆ ನಿಂತು "ಇದು ಬೇಡ, ಅದು ಬೇಡ" ಅನ್ನುವುದಕ್ಕೆ ಯಾರು?

ಖಾಸಗಿತನ ಯಾಕೆ ಬೇಕು? ಯಾರೂ ನಮ್ಮನ್ನು ಹೆದರಿಸಬಾರದು, ನಮ್ಮ ಬದುಕಿಗೆ ಅಡ್ಡ ಬರಬಾರದು ಅಂತ. ಸತ್ತವರಿಗೆ ಈ ಯಾವ ತೊಂದರೆಯೂ ಇಲ್ಲ. ನೋವಿರುವುದು ಉಳಿದವರಿಗೆ. ಕಾಗದದ ಕಾಲದಲ್ಲಿ ಹೋದವರ ಪತ್ರ, ಡೈರಿ ಎಲ್ಲ ಮನೆಯವರ ಕೈಗೇ ಬರುತ್ತಿತ್ತು. ಮೇಲ್ ಆದ ಮಾತ್ರಕ್ಕೆ ನಿಯಮ ಯಾಕೆ ಬದಲಾಗಬೇಕು? ಜರ್ಮನಿಯಲ್ಲಿ ಕೋರ್ಟೇ ಹೀಗೆ ಹೇಳಿದೆ.

ಕಡತಪಾಲಕ:
ಜರ್ಮನಿಯ ಪ್ರಕರಣ ನಿಜ. ಆದರೆ ಅದನ್ನು ಪೂರ್ತಿ ನೋಡಬೇಕು.

2012ರಲ್ಲಿ ಬರ್ಲಿನ್‌ನಲ್ಲಿ 15 ವರ್ಷದ ಹುಡುಗಿಯೊಬ್ಬಳು ಮೆಟ್ರೊ ರೈಲಿಗೆ ಸಿಕ್ಕಿ ಸತ್ತಳು. ಅಪಘಾತವೋ ಆತ್ಮಹತ್ಯೆಯೋ ಗೊತ್ತಾಗಲಿಲ್ಲ. ಹೆತ್ತವರು ಅವಳ ಫೇಸ್‌ಬುಕ್ ಸಂದೇಶಗಳನ್ನು ನೋಡಲು ಹೊರಟರು. ಅಷ್ಟರಲ್ಲಿ ಕಂಪನಿ ಅದನ್ನು ಸ್ಮರಣೆಯ ಖಾತೆಯಾಗಿ ಬದಲಿಸಿಬಿಟ್ಟಿತ್ತು. ಆಮೇಲೆ ಸರಿಯಾದ ಪಾಸ್‌ವರ್ಡ್ ಹಾಕಿದರೂ ಒಳಗೆ ಬಿಡುವುದಿಲ್ಲ. ಮೊದಲ ಕೋರ್ಟು ಹೆತ್ತವರ ಪರ ನಿಂತಿತು. ಮೇಲ್ಮನವಿ ಕೋರ್ಟು ಕಂಪನಿಯ ಪರ ತೀರ್ಪು ಕೊಟ್ಟಿತು. ಹುಡುಗಿಯ ಜೊತೆ ಮಾತಾಡಿದವರ ಸಂವಹನದ ಗುಟ್ಟು ಕಾಪಾಡಬೇಕು ಎಂಬುದು ಅದರ ಕಾರಣ. ಕೊನೆಗೆ 2018ರ ಜುಲೈ 12ರಂದು ಅಲ್ಲಿನ ಅತ್ಯುಚ್ಚ ಸಿವಿಲ್ ನ್ಯಾಯಾಲಯ ಹೆತ್ತವರ ಪರ ತೀರ್ಮಾನ ಮಾಡಿತು. ಪತ್ರ, ಡೈರಿ ವಾರಸುದಾರರಿಗೆ ಬರುವ ಹಾಗೆಯೇ ಖಾತೆಯ ಒಪ್ಪಂದವೂ ಬರುತ್ತದೆ ಎಂದಿತು.

ಕಂಪನಿ ಆಮೇಲೆ ಏನು ಕೊಟ್ಟಿತು ಗೊತ್ತಾ? 14,000ಕ್ಕೂ ಜಾಸ್ತಿ ಪುಟಗಳ ಒಂದು ಪಿಡಿಎಫ್ ಇದ್ದ ಪೆನ್‌ಡ್ರೈವ್. ಹೆತ್ತವರು ಮತ್ತೆ ಕೋರ್ಟಿಗೆ ಹೋದರು. ಇಷ್ಟು ಸಾಲದು, ಮಗಳು ನೋಡುತ್ತಿದ್ದ ಹಾಗೆಯೇ ಅವರು ಖಾತೆಯನ್ನು ನೋಡಲು ಆಗಬೇಕು ಎಂದು 2020ರಲ್ಲಿ ಅದೇ ನ್ಯಾಯಾಲಯ ಹೇಳಿತು.

ತೆರೆದಬಾಗಿಲು ಅವರೇ, ಅಲ್ಲಿ ಸತ್ತವಳು ಅಪ್ರಾಪ್ತೆ. ಸಾವಿನ ಕಾರಣವೇ ಗೊತ್ತಿರಲಿಲ್ಲ. ನೀಲಿಶಾಯಿ ಅವರ ಗೆಳತಿ ವಯಸ್ಕಳು, ಕಾಯಿಲೆಯಿಂದ ಹೋದವಳು. ಜರ್ಮನಿಯಲ್ಲಿ ವಯಸ್ಕರಿಗೂ ಆ ತತ್ವ ಅನ್ವಯಿಸುತ್ತದೆ, ನಿಜ. ಆದರೆ ಅದು ಒಂದು ದೇಶದ ದಾರಿ. ಬೇರೆ ದಾರಿಗಳೂ ಇವೆ.

ಅಮೆರಿಕದಲ್ಲಿ 2004ರಲ್ಲಿ ಇರಾಕ್‌ನಲ್ಲಿ ಸತ್ತ ಯುವ ಸೈನಿಕನ ಮೇಲ್‌ಗಳನ್ನು ಅವನ ತಂದೆ ಕೇಳಿದರು. ಖಾತೆ ಬಳಕೆದಾರನ ಸಾವಿನೊಂದಿಗೆ ಮುಗಿಯುತ್ತದೆ ಎಂದು ಯಾಹೂ ಕೊಡಲಿಲ್ಲ. 2005ರಲ್ಲಿ ಮಿಷಿಗನ್‌ನ ಕೋರ್ಟು ಆದೇಶ ಮಾಡಿದ ಮೇಲೆ ಕೊಟ್ಟಿತು. ಇಂಥ ಜಗಳಗಳೆಲ್ಲ ಆದ ಮೇಲೆ, 2015ರಲ್ಲಿ ಅಲ್ಲಿ ಒಂದು ಮಾದರಿ ಕಾನೂನು ಬಂತು. ಬಹುತೇಕ ರಾಜ್ಯಗಳು ಅದನ್ನು ಒಪ್ಪಿಕೊಂಡಿವೆ. ಅದರಲ್ಲಿ ಒಂದು ಕ್ರಮ ಇದೆ. ಸತ್ತವರು ಆ ಸೇವೆಯ ಸೆಟ್ಟಿಂಗ್‌ನಲ್ಲಿ ಏನು ಹೇಳಿದ್ದಾರೋ ಅದೇ ಮೊದಲು. ಅದಿಲ್ಲದಿದ್ದರೆ ವಿಲ್‌ನಲ್ಲಿ ಬರೆದದ್ದು. ಅದೂ ಇಲ್ಲದಿದ್ದರೆ ಕಂಪನಿಯ ನಿಯಮ. ಸತ್ತವರು ಒಪ್ಪಿಗೆ ಕೊಡದಿದ್ದರೆ ಸಂದೇಶದ ಒಳಗಿನ ಮಾತು ಸಿಗುವುದಿಲ್ಲ. ಯಾರಿಗೆ, ಯಾವಾಗ ಕಳಿಸಿದರು ಎಂಬ ಪಟ್ಟಿ ಮಾತ್ರ ಸಿಗಬಹುದು. ಬ್ಯಾಂಕು, ವಿಮೆ ಯಾವುದಿತ್ತು ಎಂದು ಹುಡುಕಲು ಆ ಪಟ್ಟಿ ಸಾಕು. ನನಗೆ ಇದು ಒಳ್ಳೆಯ ನಡುದಾರಿ ಅನಿಸುತ್ತದೆ.

ಯುರೋಪಿನ ದತ್ತಾಂಶ ರಕ್ಷಣೆಯ ದೊಡ್ಡ ಕಾನೂನು 2018ರಿಂದ ಜಾರಿಯಲ್ಲಿದೆ. ಅದು ಬದುಕಿರುವವರಿಗೆ ಮಾತ್ರ. ಸತ್ತವರ ವಿಷಯವನ್ನು ಆಯಾ ದೇಶಗಳಿಗೇ ಬಿಟ್ಟಿದೆ. ಡೆನ್ಮಾರ್ಕ್ ಸಾವಿನ ನಂತರ 10 ವರ್ಷ ರಕ್ಷಣೆ ಕೊಡುತ್ತದೆ. ಫ್ರಾನ್ಸ್‌ನಲ್ಲಿ 2016ರ ಕಾನೂನಿನ ಪ್ರಕಾರ, ನನ್ನ ಮಾಹಿತಿಯನ್ನು ಇಡಿ, ಅಳಿಸಿ, ಇಂಥವರಿಗೆ ಕೊಡಿ ಎಂದು ಬದುಕಿದ್ದಾಗಲೇ ಸೂಚನೆ ಬರೆದಿಡಬಹುದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿ ನಾಮಿನಿಯನ್ನು ಹೆಸರಿಸುವ ಹಕ್ಕಿದೆ. ಇನ್ನೊಂದು ಕಡೆ, ಖಾಸಗಿತನದ ಹಕ್ಕು ವ್ಯಕ್ತಿಯ ಜೊತೆಗೇ ಮುಗಿಯುತ್ತದೆ, ಅದು ವಾರಸಾಗಿ ಬರುವುದಿಲ್ಲ ಎಂದು 2021ರಲ್ಲಿ ಮದ್ರಾಸ್ ಹೈಕೋರ್ಟ್, 2023ರಲ್ಲಿ ದೆಹಲಿ ಹೈಕೋರ್ಟ್ ಹೇಳಿವೆ. ಅವೆರಡೂ ತೀರಿಕೊಂಡ ಪ್ರಸಿದ್ಧರ ಬಗ್ಗೆ ಸಿನಿಮಾ ಮಾಡುವ ವಿವಾದಗಳು. ಫೋನಿನೊಳಗಿನ ಚಾಟ್‌ಗೆ ಅದನ್ನು ಹಾಗೇ ಎಳೆದು ತರುವುದು ಸರಿಯಲ್ಲ.

ಬಿಳಿಕೋಟು:
ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. "ಸತ್ತವರಿಗೆ ಖಾಸಗಿತನ ಬೇಕಿಲ್ಲ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ವೈದ್ಯರ ಜಿನೀವಾ ಪ್ರತಿಜ್ಞೆಯಲ್ಲಿ ಸ್ಪಷ್ಟವಾಗಿದೆ. ರೋಗಿ ನನ್ನಲ್ಲಿ ಹೇಳಿಕೊಂಡ ಗುಟ್ಟನ್ನು ರೋಗಿ ಸತ್ತ ಮೇಲೂ ಕಾಪಾಡುತ್ತೇನೆ ಎಂದು. ಅಮೆರಿಕದ ಆರೋಗ್ಯ ಮಾಹಿತಿಯ ನಿಯಮ ಸಾವಿನ ನಂತರ 50 ವರ್ಷ ಆ ಮಾಹಿತಿಯನ್ನು ಕಾಪಾಡುತ್ತದೆ. ಇದು ಸತ್ತವರ ಮೇಲಿನ ಮರ್ಯಾದೆ ಮಾತ್ರ ಅಲ್ಲ. ನಾಳೆ ಸತ್ತ ಮೇಲೆ ಎಲ್ಲ ಬಯಲಾಗುತ್ತದೆ ಎಂದು ಗೊತ್ತಿದ್ದರೆ ಇವತ್ತು ಯಾರೂ ಬಾಯಿ ಬಿಡುವುದಿಲ್ಲ. ಹಳೆಯ ಗರ್ಭಪಾತ, ಮನಸ್ಸಿನ ಕಾಯಿಲೆ, ಕುಡಿತ, ಎಚ್‌ಐವಿ. ಇದನ್ನೆಲ್ಲ ಹೇಳದೆ ಬಚ್ಚಿಟ್ಟರೆ ಚಿಕಿತ್ಸೆಯೇ ಆಗುವುದಿಲ್ಲ. ಸಾವಿನ ನಂತರದ ಭರವಸೆ ಕೆಲಸ ಮಾಡುವುದು ಸಾವಿಗೆ ಮೊದಲು.

ಇದೇ ಮಾತು ಚಾಟ್‌ಗೂ ಸಲ್ಲುತ್ತದೆ ಅಲ್ವಾ? ಡಾಕ್ಟರ ಫೈಲಿನಲ್ಲಿದ್ದರೆ 50 ವರ್ಷ ಗುಟ್ಟು. ಅದೇ ವಿಷಯವನ್ನು ಗೆಳತಿಗೆ ಮೆಸೇಜಿನಲ್ಲಿ ಬರೆದಿದ್ದರೆ ಮರುದಿನವೇ ಮನೆಯವರೆಲ್ಲ ಓದಬಹುದು. ಇದು ಹೇಗೆ ಸರಿ?

ಮಳೆಹನಿ:
ಇಲ್ಲಿ ಎಲ್ಲರೂ ಸತ್ತವರ ಬಗ್ಗೆ, ಮನೆಯವರ ಬಗ್ಗೆ ಮಾತಾಡುತ್ತಿದ್ದೀರಿ. ಮೂರನೆಯವರೊಬ್ಬರು ಇದ್ದಾರೆ. ಆ ಜಾಗದಲ್ಲಿ ನಾನು ನಿಂತಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ನನ್ನ ಆಪ್ತ ಗೆಳೆಯ ತೀರಿಕೊಂಡ. ಅವನ ಫೋನನ್ನು ಅಣ್ಣ ತೆರೆದರು. ನಮ್ಮಿಬ್ಬರ ಮಾತುಕತೆ ಇಡೀ ಅಲ್ಲಿತ್ತು. ನನ್ನ ಮದುವೆ ಮುರಿಯುತ್ತಿದ್ದ ಕಾಲ ಅದು. ರಾತ್ರಿ ನಿದ್ದೆ ಬಾರದೆ ಬರೆದದ್ದು, ಮನೆಯಲ್ಲಿ ನಡೆದದ್ದು, ನನ್ನ ಹೆದರಿಕೆಗಳು. ಅವನೊಬ್ಬನಿಗೆ ಅಂತ ಬರೆದದ್ದು. ಅಣ್ಣನಿಗೆ ಕೆಟ್ಟ ಉದ್ದೇಶ ಇರಲಿಲ್ಲ. ತಮ್ಮನನ್ನು ಹುಡುಕುತ್ತಾ ಓದಿದರು. ಆದರೆ ಓದಿದ್ದನ್ನು ಮನೆಯಲ್ಲಿ ಹೇಳಿದರು. ಮನೆಯಿಂದ ಅದು ಬೇರೆ ಕಡೆಗೂ ಹೋಯಿತು. ನನ್ನ ಬದುಕಿನ ಅತಿ ಕಷ್ಟದ ದಿನಗಳು ನನಗೆ ಗೊತ್ತೇ ಇಲ್ಲದವರ ಬಾಯಲ್ಲಿ ಓಡಾಡಿದವು.

ಗೆಳೆಯನಿಗಾಗಿ ಅಳುವುದಕ್ಕೂ ನನಗೆ ಆಗ ಜಾಗ ಇರಲಿಲ್ಲ. ಅವನ ಮನೆಗೆ ಹೋಗುವುದನ್ನೇ ಬಿಟ್ಟೆ.

ನೀಲಿಶಾಯಿ ಅವರೇ, ನಿಮ್ಮ ಗೆಳತಿಯ ಚಾಟ್‌ನಲ್ಲಿ ಪ್ರತಿಯೊಂದು ಮಾತಿಗೂ ಎದುರು ಒಬ್ಬರು ಇದ್ದಾರೆ. ಅವರು ಸತ್ತಿಲ್ಲ. ಅವರ ಖಾಸಗಿತನಕ್ಕೆ ಯಾವ ಕೋರ್ಟಿನ ಅನುಮಾನವೂ ಇಲ್ಲ. ತೆರೆಯುವ ಮೊದಲು ಅವರನ್ನು ಕೇಳಿದ್ದೀರಾ?

ತೆರೆದಬಾಗಿಲು:
ಮಳೆಹನಿ ಅವರೇ, ನಿಮಗಾದದ್ದು ಅನ್ಯಾಯ. ಓದುವುದು ಬೇರೆ, ಹಂಚುವುದು ಬೇರೆ ಎಂದು ವಾದಿಸಬಹುದಿತ್ತು. ಆದರೆ ಮನೆಯೊಳಗೆ ಆ ಗೆರೆ ನಿಲ್ಲುವುದಿಲ್ಲ ಎಂಬುದನ್ನು ಒಪ್ಪುತ್ತೇನೆ.

ಒಂದು ಪ್ರಶ್ನೆ ಮಾತ್ರ ಉಳಿಯುತ್ತದೆ. ಸಾವಿನ ಬಗ್ಗೆಯೇ ಅನುಮಾನ ಇದ್ದರೆ? ಯಾರೋ ಹಿಂಸೆ ಕೊಟ್ಟಿದ್ದರೆ, ಹಣಕ್ಕೆ ಬೆದರಿಸಿದ್ದರೆ? ಆಗ ಖಾಸಗಿತನ ಅಂತ ಸುಮ್ನೆ ಕೂರಬೇಕಾ?

ಕಡತಪಾಲಕ:
ಕೂರಬಾರದು. ಆದರೆ ಆಗ ಫೋನು ಸಾಕ್ಷ್ಯ. ಮನೆಯವರು ಕೆದಕಿದರೆ ಸಾಕ್ಷ್ಯಕ್ಕೇ ಪೆಟ್ಟು. ಯಾವುದು ಯಾವಾಗ ತೆರೆಯಿತು, ಯಾವುದು ಅಳಿಸಿತು ಎಂದು ನಂಬಿಸಲು ಆಮೇಲೆ ಆಗುವುದಿಲ್ಲ. ಫೋನನ್ನು ಮುಟ್ಟದೆ ಹಾಗೇ ತನಿಖೆ ಮಾಡುವವರಿಗೆ ಒಪ್ಪಿಸಿ, ರಸೀದಿ ಪಡೆಯಿರಿ. ತನಿಖೆಗೆ ಬೇಕಾದ್ದನ್ನು ಅವರು ಕೇಳಿ ತೆಗೆಸುತ್ತಾರೆ.

ಕೀಲಿಗೊಂಚಲು:
ಸೇವೆಗಳ ಒಳಗೆ ಏನು ವ್ಯವಸ್ಥೆ ಇದೆ ಎಂದು ಬರೆಯುತ್ತೇನೆ. ಇದು ನನ್ನ ಕೆಲಸದ ಕ್ಷೇತ್ರ. ಮೂರು ದೊಡ್ಡ ಕಂಪನಿಗಳು ಈ ಪ್ರಶ್ನೆಗೆ ಮೂರು ಬೇರೆ ಉತ್ತರ ಕೊಟ್ಟಿವೆ. ಜನ ಇದನ್ನು ಗಮನಿಸುವುದೇ ಇಲ್ಲ.

ಗೂಗಲ್‌ನಲ್ಲಿ 2013ರಿಂದ ನಿಷ್ಕ್ರಿಯ ಖಾತೆಯ ನಿರ್ವಹಣೆ ಎಂಬ ಸೆಟ್ಟಿಂಗ್ ಇದೆ. ಎಷ್ಟು ಕಾಲ ನೀವು ಬಳಸದಿದ್ದರೆ ಖಾತೆ ನಿಂತಿದೆ ಎಂದು ತಿಳಿಯಬೇಕು, 3, 6, 12 ಅಥವಾ 18 ತಿಂಗಳು, ನೀವೇ ಹೇಳಬಹುದು. 10 ಜನರ ತನಕ ಹೆಸರಿಸಬಹುದು. ಮುಖ್ಯವಾದದ್ದು ಇದು: ಯಾರಿಗೆ ಯಾವುದು ಎಂದು ಬೇರೆ ಬೇರೆ ಕೊಡಬಹುದು. ತಂಗಿಗೆ ಫೋಟೊ ಮಾತ್ರ. ಗಂಡನಿಗೆ ಡ್ರೈವ್‌ನ ಕಡತಗಳು. ಮೇಲ್ ಯಾರಿಗೂ ಇಲ್ಲ. ಹೆಸರಿಸಿದವರಿಗೆ ಡೌನ್‌ಲೋಡ್ ಮಾಡಿಕೊಳ್ಳಲು 3 ತಿಂಗಳು ಸಮಯ. ಆಮೇಲೆ ಖಾತೆಯನ್ನೇ ಅಳಿಸು ಎಂದೂ ಹೇಳಿಡಬಹುದು. ಏನೂ ಮಾಡದಿದ್ದರೂ, 2 ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಅಳಿಸಬಹುದು ಎಂಬ ನಿಯಮ 2023ರ ಡಿಸೆಂಬರ್‌ನಿಂದ ಇದೆ. ಹಾಗಾಗಿ ಅಪ್ಪ ಅಮ್ಮನ ಫೋಟೊಗಳು ಅಲ್ಲೇ ಇರುತ್ತವೆ ಎಂದು ಸುಮ್ಮನಿರಬೇಡಿ.

ಆ್ಯಪಲ್ 2021ರ ಡಿಸೆಂಬರ್‌ನಲ್ಲಿ ತಂದ ವ್ಯವಸ್ಥೆಯಲ್ಲಿ ನೀವು ಹೆಸರಿಸಿದವರಿಗೆ ಒಂದು ಕೀಲಿ ಸಿಗುತ್ತದೆ. ಆ ಕೀಲಿ ಮತ್ತು ಮರಣ ಪ್ರಮಾಣಪತ್ರ ಎರಡೂ ಇದ್ದರೆ ಕ್ಲೌಡ್‌ನಲ್ಲಿರುವ ಮಾಹಿತಿ ತೆರೆಯುತ್ತದೆ. ಉಳಿಸಿಟ್ಟ ಪಾಸ್‌ವರ್ಡ್, ಕಾರ್ಡಿನ ವಿವರ, ಕೊಂಡ ಹಾಡು ಸಿನಿಮಾ ಸಿಗುವುದಿಲ್ಲ. ಆದರೆ ಮೆಸೇಜು, ನೋಟ್ಸ್, ಬ್ಯಾಕಪ್ ಸಿಗುತ್ತವೆ. ಫೋಟೊ ಕೊಡಿ, ಮೆಸೇಜ್ ಬೇಡ ಎಂದು ವಿಂಗಡಿಸಲು ಆಗುವುದಿಲ್ಲ. ನನಗೆ ಇದು ದೊಡ್ಡ ಕೊರತೆ. ಮೊದಲ ವಿನಂತಿ ಒಪ್ಪಿದ ಮೇಲೆ 3 ವರ್ಷಕ್ಕೆ ಖಾತೆ ಅಳಿದುಹೋಗುತ್ತದೆ.

ಫೇಸ್‌ಬುಕ್ 2015ರಿಂದ ಖಾತೆಗೆ ಒಬ್ಬ ಉತ್ತರಾಧಿಕಾರಿಯನ್ನು ನೇಮಿಸಲು ಬಿಡುತ್ತದೆ. ಅವರು ಪ್ರೊಫೈಲ್ ಚಿತ್ರ ಬದಲಿಸಬಹುದು, ಮೇಲೆ ಒಂದು ಬರಹ ಹಾಕಬಹುದು. ಖಾತೆಯೊಳಗೆ ಲಾಗಿನ್ ಆಗುವ ಹಾಗಿಲ್ಲ, ಸಂದೇಶ ಓದುವ ಹಾಗಿಲ್ಲ. ಸತ್ತ ಮೇಲೆ ಪೂರ್ತಿ ಅಳಿಸಿ ಎಂದೂ ಆಯ್ಕೆ ಮಾಡಬಹುದು.

ವಾಟ್ಸ್ಆ್ಯಪ್‌ನಲ್ಲಿ ಇಂಥದ್ದು ಏನೂ ಇಲ್ಲ. ಸಂದೇಶಗಳು ಇರುವುದು ಫೋನಿನಲ್ಲಿ ಮತ್ತು ಬ್ಯಾಕಪ್‌ನಲ್ಲಿ. ಸಾಮಾನ್ಯವಾಗಿ 120 ದಿನ ಬಳಸದಿದ್ದರೆ ಖಾತೆ ಅಳಿಯುತ್ತದೆ. ಫೋನಿನೊಳಗೆ ಮೊದಲೇ ಇದ್ದ ಸಂದೇಶಗಳು ಅಲ್ಲೇ ಇರುತ್ತವೆ. ಅಂದರೆ ಎಲ್ಲವೂ ಫೋನಿನ ಲಾಕ್ ಮೇಲೆ ನಿಂತಿದೆ.

ಇನ್ನೊಂದು ವಿಷಯ. ದಯವಿಟ್ಟು ಇದನ್ನು ಓದಿ. ಮನೆಯಲ್ಲಿ ಯಾರಾದರೂ ಹೋದರೆ ಜನ ಮೊದಲು ನಿಲ್ಲಿಸುವುದು ಸಿಮ್. ಬಿಲ್ ಯಾಕೆ ಕಟ್ಟಬೇಕು ಅಂತ. ನಿಲ್ಲಿಸಿದ ನಂಬರನ್ನು ಕಂಪನಿ ಸ್ವಲ್ಪ ಕಾಲದ ನಂತರ ಬೇರೆಯವರಿಗೆ ಕೊಡುತ್ತದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 2021ರಲ್ಲಿ ಅಮೆರಿಕದ ಎರಡು ಕಂಪನಿಗಳಲ್ಲಿ ಮರುಬಳಕೆಗೆ ಇಟ್ಟಿದ್ದ 259 ನಂಬರುಗಳನ್ನು ನೋಡಿದರು. ಅದರಲ್ಲಿ 171 ನಂಬರುಗಳು ಹಳೆಯವರ ಖಾತೆಗಳಿಗೆ ಇನ್ನೂ ಅಂಟಿಕೊಂಡೇ ಇದ್ದವು. ಹೊಸಬರಿಗೆ ಓಟಿಪಿ ಬರುತ್ತದೆ. ಪಾಸ್‌ವರ್ಡ್ ಮರೆತಿದ್ದೇನೆ ಎಂದು ಒತ್ತಿದರೆ ಸಾಕು. ಸತ್ತವರು ಬಂದು ತಡೆಯುವುದಿಲ್ಲ. ಹಾಗಾಗಿ ಮೊದಲು ಬ್ಯಾಂಕು, ಮೇಲ್, ಸಾಮಾಜಿಕ ಜಾಲತಾಣದ ಖಾತೆಗಳನ್ನು ಮುಚ್ಚಿಸಿ ಅಥವಾ ನಂಬರನ್ನು ಬಿಡಿಸಿ. ಸಿಮ್ ಕೊನೆಗೆ.

ಬಿಳಿಕೋಟು:
ಕೀಲಿಗೊಂಚಲು ಅವರೇ, ಪಾಸ್‌ವರ್ಡ್‌ಗಳನ್ನೆಲ್ಲ ಒಂದು ಕಾಗದದಲ್ಲಿ ಬರೆದು ಬೀರುವಿನಲ್ಲಿ ಇಟ್ಟರೆ ಆಗಲ್ವಾ? ಇಷ್ಟೆಲ್ಲ ಸೆಟ್ಟಿಂಗ್ ಹಿರಿಯರಿಗೆ ಕಷ್ಟ.

ಕೀಲಿಗೊಂಚಲು:
ಆ ಕಾಗದ ಎಲ್ಲ ಬಾಗಿಲನ್ನೂ ಒಟ್ಟಿಗೆ ತೆರೆಯುತ್ತದೆ. ಫೋಟೊ ಬೇಕಿದ್ದವರಿಗೆ ಮೇಲ್ ಕೂಡ ಸಿಗುತ್ತದೆ. ಬದುಕಿದ್ದಾಗಲೇ ಯಾರೋ ನೋಡಿಬಿಡಬಹುದು. ಪಾಸ್‌ವರ್ಡ್ ಬದಲಿಸಿದರೆ ಕಾಗದ ಹಳತಾಗುತ್ತದೆ. ಬಿಟ್‌ವಾರ್ಡನ್‌ನಂಥ ಪಾಸ್‌ವರ್ಡ್ ಮ್ಯಾನೇಜರ್‌ಗಳಲ್ಲಿ ತುರ್ತು ಪ್ರವೇಶ ಅಂತ ಇದೆ. ನಂಬಿಕೆಯವರು ಅನುಮತಿ ಕೇಳುತ್ತಾರೆ. ನೀವು ಹೇಳಿದಷ್ಟು ದಿನ ಅದು ಕಾಯುತ್ತದೆ. ಅಷ್ಟರಲ್ಲಿ ನೀವು ಬೇಡ ಅನ್ನದಿದ್ದರೆ ತೆರೆಯುತ್ತದೆ. ಕಾಗದವೇ ಬೇಕು ಅನ್ನುವ ಹಿರಿಯರಿಗೆ ಎರಡು ಕಾಗದ ಮಾಡಿಸಿ. ಹಣಕಾಸಿನದು ಒಂದು, ಉಳಿದದ್ದು ಇನ್ನೊಂದು. ಇಬ್ಬರು ಬೇರೆ ಬೇರೆ ಜನರ ಹತ್ತಿರ.

ನೀಲಿಶಾಯಿ:
ಎಲ್ಲರಿಗೂ ಧನ್ಯವಾದ. ಮಳೆಹನಿ ಅವರ ಮಾತು ಓದಿದ ಮೇಲೆ ಗೆಳತಿಯ ಅಮ್ಮನ ಜೊತೆ ಕೂತು ಮಾತಾಡಿದೆ. ಚಾಟ್ ತೋರಿಸುವುದಿಲ್ಲ ಎಂದು ಹೇಳಲು ಹೋಗಲಿಲ್ಲ. "ನಿಮಗೆ ಏನು ತಿಳಿಯಬೇಕಮ್ಮ?" ಎಂದು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವಳಿಗೆ ನೋವು ಜಾಸ್ತಿ ಇತ್ತಾ? ನಮ್ಮ ಹತ್ತಿರ ಹೇಳಲಿಲ್ಲ. ಬೇರೆಯವರ ಹತ್ತಿರ ಹೇಳಿಕೊಂಡಳಾ? ನಮ್ಮ ಮೇಲೆ ಬೇಜಾರಿತ್ತಾ?" ಎಂದರು.

ಈ ಪ್ರಶ್ನೆಗೆ ಉತ್ತರ ಅವಳ ಇನ್‌ಬಾಕ್ಸಿನಲ್ಲಿ ಹುಡುಕುವುದು ಬೇಡ ಅನಿಸಿತು. ಅವಳಿಗೆ ಹತ್ತಿರವಾಗಿದ್ದವರು ಯಾರು ಎಂದು ನನಗೆ ಗೊತ್ತು. ಅವರಿಗೆಲ್ಲ ವಿಷಯ ತಿಳಿಸಿದೆ. ನಿಮಗೆ ಒಪ್ಪಿಗೆ ಇದ್ದರೆ, ಅವಳು ನಿಮ್ಮಲ್ಲಿ ಹೇಳಿಕೊಂಡದ್ದರಲ್ಲಿ ಅಮ್ಮನಿಗೆ ತಲುಪಿಸಬಹುದಾದ್ದನ್ನು ನೀವೇ ಆರಿಸಿ ಹೇಳಿ ಎಂದು ಕೇಳಿದೆ. ಒಬ್ಬರು ಮನೆಗೆ ಬಂದು ಮಾತಾಡಿದರು. ಇನ್ನೊಬ್ಬರು ಅವಳ ಕೆಲವು ಧ್ವನಿ ಸಂದೇಶಗಳನ್ನು ಕಳಿಸಿದರು. ಒಬ್ಬರು ಆಗುವುದಿಲ್ಲ ಎಂದರು. ಅದನ್ನೂ ಒಪ್ಪಿಕೊಂಡೆವು.

ಹಣಕಾಸಿಗೆ ಬೇಕಾದ್ದನ್ನು ಅವಳ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೆಗೆದೆ. ಮೇಲ್ ಪಟ್ಟಿಯನ್ನು ಮೇಲಿಂದ ಕೆಳಗೆ ಓದಲಿಲ್ಲ. ಬ್ಯಾಂಕಿನ ಹೆಸರು, ವಿಮೆಯ ಹೆಸರು ಟೈಪ್ ಮಾಡಿ ಹುಡುಕಿದ್ದು ಅಷ್ಟೇ.

ಮಳೆಹನಿ:
ನೀವು ಮಾಡಿದ್ದು ನನ್ನ ಗೆಳೆಯನ ಮನೆಯಲ್ಲೂ ಆಗಿದ್ದರೆ ನಾನೇ ಹೋಗಿ ಎಷ್ಟೋ ವಿಷಯ ಹೇಳುತ್ತಿದ್ದೆ. ಅವನು ಅಣ್ಣನ ಬಗ್ಗೆ ಎಷ್ಟು ಪ್ರೀತಿಯಿಂದ ಮಾತಾಡುತ್ತಿದ್ದ ಎಂದು ಹೇಳುತ್ತಿದ್ದೆ.

ಪ್ರತಿಧ್ವನಿ:
ಧ್ವನಿ ಸಂದೇಶ ಅಂದಿರಲ್ಲ, ಅದರ ಬಗ್ಗೆ ಎಚ್ಚರ ಇರಲಿ. ನಮ್ಮ ಬಳಗದಲ್ಲಿ ಒಬ್ಬರು ತೀರಿಕೊಂಡ ತಂದೆಯ ಧ್ವನಿ ಸಂದೇಶ, ಚಾಟ್ ಎಲ್ಲ ಹಾಕಿ ಅವರ ದನಿಯಲ್ಲೇ ಉತ್ತರಿಸುವ ಬಾಟ್, ಅಂದರೆ ತಾನೇ ಮಾತಾಡುವ ಕಂಪ್ಯೂಟರ್ ಪ್ರೋಗ್ರಾಂ, ಮಾಡಿಸಿದ್ದಾರೆ. ಮಗನಿಗೆ ಸಮಾಧಾನ. ಮಗಳಿಗೆ ಆ ದನಿ ಕೇಳಿದರೆ ಮೈ ನಡುಗುತ್ತದೆ. ಅಪ್ಪ ಎಂದೂ ಹೇಳದ ಮಾತನ್ನು ಅಪ್ಪನ ದನಿ ಹೇಳುತ್ತಿದೆ. ತಂದೆಯನ್ನು ಯಾರೂ ಕೇಳಿರಲಿಲ್ಲ.

ತಂತ್ರಜ್ಞಾನ ಈಗ ಸುಲಭ. 2020ರಲ್ಲಿ ದಕ್ಷಿಣ ಕೊರಿಯಾದ ಟಿವಿಯಲ್ಲಿ ತಾಯಿಯೊಬ್ಬಳು ತೀರಿಕೊಂಡ ಪುಟ್ಟ ಮಗಳನ್ನು ವರ್ಚುವಲ್ ರಿಯಾಲಿಟಿಯಲ್ಲಿ ಭೇಟಿ ಮಾಡುವುದನ್ನು ತೋರಿಸಿದರು. 2022ರಲ್ಲಿ ಅಮೆಜಾನ್, ಒಂದು ನಿಮಿಷಕ್ಕೂ ಕಡಿಮೆ ರೆಕಾರ್ಡಿಂಗ್‌ನಿಂದ ತನ್ನ ಧ್ವನಿ ಸಹಾಯಕಿ ಅಲೆಕ್ಸಾ ಅಜ್ಜಿಯ ದನಿಯಲ್ಲಿ ಮೊಮ್ಮಗನಿಗೆ ಕಥೆ ಓದುವುದನ್ನು ಪ್ರದರ್ಶಿಸಿತು. 2024ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇಂಥ ಬಾಟ್‌ಗಳ ಅಪಾಯಗಳ ಬಗ್ಗೆ ಬರೆದರು. ಸತ್ತವರ ಒಪ್ಪಿಗೆ ಮೊದಲೇ ಇರಬೇಕು. ಮಕ್ಕಳ ಕೈಗೆ ಕೊಡಬಾರದು. ಬೇಡವಾದಾಗ ಗೌರವದಿಂದ ಬೀಳ್ಕೊಡುವ ದಾರಿ ಇರಬೇಕು. ಸತ್ತವರ ದನಿಯಲ್ಲಿ ಜಾಹೀರಾತು ಬರಬಾರದು. ಇವು ಅವರ ಮಾತಿನ ಸಾರ.

ಕಾನೂನು ಇಲ್ಲಿ ಹೆಚ್ಚಾಗಿ ಪ್ರಸಿದ್ಧರನ್ನೇ ನೋಡುತ್ತದೆ. ನ್ಯೂಯಾರ್ಕ್‌ನ 2021ರಲ್ಲಿ ಜಾರಿಗೆ ಬಂದ ಕಾನೂನು ತೀರಿಕೊಂಡ ಕಲಾವಿದರಿಗೆ 40 ವರ್ಷ ರಕ್ಷಣೆ ಕೊಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಪ್ರಸಿದ್ಧರಿಗೆ 70 ವರ್ಷ. ಅವರ ಹೆಸರು, ಮುಖಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇದೆ, ಅದಕ್ಕೆ. ಸಾಮಾನ್ಯರ ದನಿ? ಅದಕ್ಕೆ ಮಾರುಕಟ್ಟೆ ಬೆಲೆ ಇಲ್ಲ ಅಂತ ಹೆಚ್ಚಿನ ಕಡೆ ರಕ್ಷಣೆಯೂ ಇಲ್ಲ. ನನಗೆ ಇದು ಬಹಳ ಬೇಸರದ ವಿಷಯ. ಚಾಟ್ ಓದುವುದು ಸತ್ತವರು ಹೇಳಿದ್ದನ್ನು ಕೇಳುವುದು. ಬಾಟ್ ಮಾಡುವುದು ಅವರು ಹೇಳದ್ದನ್ನು ಅವರ ಬಾಯಲ್ಲಿ ಇಡುವುದು. ಎರಡನೆಯದು ಇನ್ನೂ ದೊಡ್ಡ ಅತಿಕ್ರಮಣ.

ತೆರೆದಬಾಗಿಲು:
ಇದನ್ನು ನಾನೂ ಒಪ್ಪುತ್ತೇನೆ. ಮಗನಿಗೆ ಸಮಾಧಾನ ಆಯಿತು ಎಂಬುದಷ್ಟೇ ಕಾರಣವಾಗಲಾರದು. ಒಪ್ಪಿಗೆ ಬರೆದು ಕೊಟ್ಟಿದ್ದರೆ ಮಾತು ಬೇರೆ.

ಹಳೇಛಾಯೆ:
ನಾನು ಹಳೆಯ ದಾಖಲೆಗಳನ್ನು ಜೋಪಾನ ಮಾಡುವ ಕೆಲಸದಲ್ಲಿದ್ದೇನೆ. ಚರ್ಚೆ ಎಲ್ಲವನ್ನೂ ಅಳಿಸುವ ಕಡೆಗೆ ಹೋಗುತ್ತಿದೆ ಅನಿಸಿತು. ಸ್ವಲ್ಪ ತಡೆಯಿರಿ.

ರಾಜರ, ಶ್ರೀಮಂತರ ಪತ್ರಗಳು ನಮಗೆ ಸಿಕ್ಕಿವೆ. ಸಾಮಾನ್ಯ ಹೆಂಗಸರು, ಕೂಲಿ ಮಾಡಿದವರು ಏನು ಅಂದುಕೊಂಡರು, ಹೇಗೆ ನಕ್ಕರು ಎಂಬುದಕ್ಕೆ ಬರಹ ಬಹಳ ಕಡಿಮೆ. ಇತಿಹಾಸದಲ್ಲಿ ಮೊದಲ ಬಾರಿಗೆ ಸಾಮಾನ್ಯರು ದಿನವೂ ಬರೆಯುತ್ತಿದ್ದಾರೆ. ಆಕ್ಸ್‌ಫರ್ಡ್ ಇಂಟರ್ನೆಟ್ ಇನ್‌ಸ್ಟಿಟ್ಯೂಟ್‌ನ ಇಬ್ಬರು ಸಂಶೋಧಕರು 2019ರಲ್ಲಿ ಲೆಕ್ಕ ಹಾಕಿದರು. ಫೇಸ್‌ಬುಕ್‌ಗೆ 2018ರ ನಂತರ ಯಾರೂ ಸೇರದಿದ್ದರೂ, 2100ಕ್ಕೆ ಮುಂಚೆ ಕನಿಷ್ಠ 140 ಕೋಟಿ ಬಳಕೆದಾರರು ತೀರಿಕೊಂಡಿರುತ್ತಾರೆ. 2070ರ ಹೊತ್ತಿಗೆ ಅಲ್ಲಿ ಬದುಕಿರುವವರಿಗಿಂತ ಸತ್ತವರೇ ಜಾಸ್ತಿ ಆಗಬಹುದು. ಇಷ್ಟು ಜನರ ಮಾತು ಒಂದು ಕಂಪನಿಯ ಕೈಯಲ್ಲಿ. ಅದು ಅಳಿಸಿದರೂ ತೊಂದರೆ, ಇಟ್ಟುಕೊಂಡು ಮಾರಿದರೂ ತೊಂದರೆ.

ನಮ್ಮ ವೃತ್ತಿಯಲ್ಲಿ ಇದಕ್ಕೆ ಹಳೆಯ ಉಪಾಯ ಒಂದಿದೆ. ಮುಚ್ಚಿಡು, ಕಾಲ ಕಳೆದ ಮೇಲೆ ತೆರೆ. ಅಮೆರಿಕದ ಜನಗಣತಿಯಲ್ಲಿ ಒಬ್ಬೊಬ್ಬರ ಹೆಸರಿರುವ ಹಾಳೆಗಳನ್ನು 72 ವರ್ಷ ತೆರೆಯುವುದಿಲ್ಲ. ಅಷ್ಟು ಹೊತ್ತಿಗೆ ಮಾತಿನ ಎರಡೂ ಕಡೆಯವರು ಹೆಚ್ಚಾಗಿ ಇರುವುದಿಲ್ಲ. ಮಳೆಹನಿ ಅವರಿಗೆ ಆದ ಗಾಯ ಆಗ ಆಗುವುದಿಲ್ಲ. ಕುಟುಂಬದವರಿಗೂ ಹೀಗೇ ಹೇಳಬಹುದು. ಒಂದು ಹಾರ್ಡ್ ಡಿಸ್ಕಿನಲ್ಲಿ ಎನ್‌ಕ್ರಿಪ್ಟ್ ಮಾಡಿ, ಅಂದರೆ ಕೀಲಿ ಇಲ್ಲದೆ ಓದಲಾಗದಂತೆ ಮಾಡಿ ಇಡಿ. ಇವತ್ತೇ ತೆರೆಯಬೇಕು ಅಥವಾ ಇವತ್ತೇ ಅಳಿಸಬೇಕು ಎಂಬ ಅವಸರ ಬೇಡ. ದುಃಖದ ಮೊದಲ ದಿನಗಳಲ್ಲಿ ಮಾಡಿದ ಎರಡೂ ತೀರ್ಮಾನಗಳನ್ನು ಹಿಂದಕ್ಕೆ ತರಲಾಗದು.

ಕಡತಪಾಲಕ:
ಹಳೇಛಾಯೆ ಅವರ ಮಾತು ನನ್ನ ನಿಲುವಿಗೂ ಹತ್ತಿರ. ಸತ್ತವರು ಏನೂ ಹೇಳದಿದ್ದರೆ ಮುಚ್ಚಿರುವುದೇ ಮೂಲ ನಿಯಮವಾಗಬೇಕು. ತೆರೆಯಬೇಕಿದ್ದರೆ ಯಾವ ಭಾಗ, ಯಾವ ಕಾರಣಕ್ಕೆ ಎಂದು ಕೇಳಬೇಕು. ಈಗ ಆಗುತ್ತಿರುವುದು ತಿರುಗುಮುರುಗು. ಲಾಕ್ ಗೊತ್ತಿದ್ದರೆ ಎಲ್ಲ ತೆರೆಯುತ್ತದೆ, ಗೊತ್ತಿಲ್ಲದಿದ್ದರೆ ಮಕ್ಕಳ ಫೋಟೊ ಕೂಡ ಸಿಗುವುದಿಲ್ಲ.

ಹೇಳಿಡುವುದಕ್ಕೆ ದೊಡ್ಡ ಕಾಗದಪತ್ರ ಬೇಡ. ನಾನು ನನಗೆ ಬರೆದುಕೊಂಡದ್ದನ್ನು ಹಾಕುತ್ತೇನೆ, ಬೇಕಾದವರು ತಿದ್ದಿಕೊಳ್ಳಿ:

"ನನ್ನ ಫೋಟೊ, ವಿಡಿಯೊಗಳು ಮನೆಯವರಿಗೆ. ಹಣಕಾಸಿನ ಕಾಗದಗಳು ನಾನು ಹೆಸರಿಸಿದ ಒಬ್ಬರಿಗೆ, ಆ ಕೆಲಸಕ್ಕೆ ಮಾತ್ರ. ನನ್ನ ಮೇಲ್ ಮತ್ತು ಚಾಟ್‌ಗಳನ್ನು ಯಾರೂ ಓದಬಾರದು, ಅವುಗಳಲ್ಲಿ ಬೇರೆಯವರ ಮಾತೂ ಇದೆ. ನನ್ನ ಸಾವಿನ ಬಗ್ಗೆ ಅನುಮಾನ ಇದ್ದರೆ ತನಿಖೆ ಮಾಡುವವರು ನೋಡಬಹುದು. ನನ್ನ ದನಿ, ಮುಖ, ಬರಹ ಬಳಸಿ ನನ್ನಂತೆ ಮಾತಾಡುವ ಯಾವುದನ್ನೂ ಮಾಡಬಾರದು. ಸಾಮಾಜಿಕ ಜಾಲತಾಣದ ಖಾತೆಗಳನ್ನು ಒಂದು ವರ್ಷದ ನಂತರ ಅಳಿಸಿ."

ಇದರಲ್ಲಿ ಪಾಸ್‌ವರ್ಡ್ ಬರೆಯಬೇಡಿ. ಇಂಥ ಕಾಗದ, ವಿಲ್ ನಾಲ್ಕು ಜನರ ಕೈಗೆ ಹೋಗುತ್ತವೆ.

ಬಿಳಿಕೋಟು:
ಸಾವು ಮಾತ್ರ ಅಲ್ಲ, ಪ್ರಜ್ಞೆ ಇಲ್ಲದೆ ಮಲಗಿದರೆ, ಮರೆವಿನ ಕಾಯಿಲೆ ಬಂದರೆ ಏನು ಎಂಬುದನ್ನೂ ಸೇರಿಸಿ. ಆಸ್ಪತ್ರೆಯಲ್ಲಿ ಬೆರಳನ್ನು ಹಿಡಿದು ಫೋನಿಗೆ ಒತ್ತಿಸುವುದನ್ನು ನಾನು ನೋಡಿದ್ದೇನೆ. ಕಾರಣ ಒಳ್ಳೆಯದೇ ಇರಬಹುದು. ರೋಗಿ ಬೇಡ ಅನ್ನಲಾರದ ಸ್ಥಿತಿಯಲ್ಲಿದ್ದರು.

ಕಡತಪಾಲಕ:
ಸೇರಿಸಿದೆ. ಭಾರತದ ಕಾಯ್ದೆಯ ನಾಮಿನಿ ಸೆಕ್ಷನ್ ಕೂಡ ಸಾವಿನ ಜೊತೆ ಅಸಮರ್ಥತೆಯನ್ನೂ ಹೇಳುತ್ತದೆ.

ಕೀಲಿಗೊಂಚಲು:
ಕಾಗದದಲ್ಲಿ ಒಂದು, ಸೆಟ್ಟಿಂಗ್‌ನಲ್ಲಿ ಇನ್ನೊಂದು ಇರಬಾರದು. ಅಮೆರಿಕದ ಕಾನೂನಿನಲ್ಲಿ ಸೆಟ್ಟಿಂಗ್‌ಗೇ ಮೊದಲ ಸ್ಥಾನ. ಕಾಗದ ಬರೆದ ದಿನವೇ ಸೆಟ್ಟಿಂಗ್‌ನಲ್ಲೂ ಅದೇ ಹಾಕಿ. ಹೆಸರಿಸುವವರಿಗೆ ಮೊದಲೇ ಹೇಳಿ, ಅವರು ಒಪ್ಪಬೇಕು. ಎರಡನೆಯ ಹೆಸರೂ ಇರಲಿ, ಮೊದಲನೆಯವರು ನಮಗಿಂತ ಮುಂಚೆ ಹೋಗಬಹುದು. ಮದುವೆ, ವಿಚ್ಛೇದನ ಆದಾಗ ಹೆಸರು ಬದಲಿಸುವುದನ್ನು ಮರೆಯಬೇಡಿ.